ಜವರೇಶ ತಂದ ಗಾಜಿನ ಬಾಗಿಲು

ಬನ್ನಿ, ನೆಟ್ಟಗೆ ಕೂತುಕೊಳ್ಳಿ. ಕತೆ ಮುಗಿಯುವವರೆಗೆ ಯಾರೂ ನಡುವೆ ಬಾಯಿ ಹಾಕಬಾರದು; ನಗು ಬಂದರೆ ಮಾತ್ರ ನಗಬಹುದು.

ಮದ್ದೂರಿನಲ್ಲಿ ದೇವೀರಮ್ಮ ಎಂಬ ತಾಯಿ ಇದ್ದಳು. ಅವಳಿಗೆ ಜವರೇಶ ಎಂಬ ಒಬ್ಬನೇ ಮಗ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವಷ್ಟು ಬಲ. ಸುಳ್ಳು ಹೇಳಿದವನಲ್ಲ, ಹೆಂಡ ಮುಟ್ಟಿದವನಲ್ಲ, ಹೆತ್ತವಳ ಮಾತನ್ನು ಒಂದು ದಿನವೂ ಮೀರಿದವನಲ್ಲ. ದೇವೀರಮ್ಮನ ದುಃಖವೂ ಅದೇ.

ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. "ಹಾಲು ಉಕ್ಕೋದನ್ನ ನೋಡ್ತಿರು ಕಣ್ಲಾ" ಅಂದರೆ ಉಕ್ಕಿ, ಹರಿದು, ಒಲೆ ಆರುವವರೆಗೂ ನೋಡುತ್ತಿದ್ದ. "ಪೂರ್ತಿ ನೋಡ್ದೆ ಕಣವ್ವ, ಒಂದು ಗಳಿಗೆಯೂ ಕಣ್ಣು ತೆಗೀಲಿಲ್ಲ!" ಎನ್ನುತ್ತಿದ್ದ. ಬೈದರೆ ಅವನಿಗೆ ಬೇಸರವಿಲ್ಲ. ಬೈಗುಳದ ಕೊನೆಯಲ್ಲಿ ಅವ್ವ ಒಂದು ಬುದ್ಧಿಮಾತು ಹೇಳುತ್ತಾಳೆ, ಅದು ಮುಂದಿನ ಸಲಕ್ಕೆ ಆಗುತ್ತದೆ ಎಂಬುದು ಅವನ ಲೆಕ್ಕ. ಯಾವ ಕೆಲಸ ಹೇಳಿದರೂ ಎದೆ ಮುಂದೆ ಮಾಡಿ, "ಅಷ್ಟೇ ತಾನೆ? ನಾನಿಲ್ವಾ!" ಅನ್ನುವವನು.

ಇಂಥವನಿಗೆ ಮಳವಳ್ಳಿಯಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಇಂದ್ರಾಣಿ. ಜವರೇಶನ ಫೋಟೋ ನೋಡಿ ನಕ್ಕಿದ್ದಳು, ಬೇಡ ಅಂದಿರಲಿಲ್ಲ. ಆದರೆ ಆ ಮನೆಯಲ್ಲಿ ನಡೆಯುವುದು ಅಜ್ಜಿ ಹೊಂಬಾಳಮ್ಮನ ಮಾತು. ಹೊಂಬಾಳಮ್ಮ ಹಿಂದೊಮ್ಮೆ ಬಚ್ಚಲಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡವಳು. ಅಂದಿನಿಂದ ಅವಳದು ಒಂದೇ ಹಟ. "ಬಚ್ಚಲ ನೆಲ ಒದ್ದೆ ಇರೋ ಮನೆಗೆ ನನ್ನ ಮೊಮ್ಮಗಳನ್ನ ಕೊಡಾಕಿಲ್ಲ!" ಗಂಡಿನ ಮನೆಗೆ ಹೋದರೆ ಗಂಡಿನ ಮುಖ ಆಮೇಲೆ, ಮೊದಲು ಬಚ್ಚಲು. ಒದ್ದೆ ಕಂಡರೆ ಕಾಫಿಯನ್ನೂ ಮುಟ್ಟದೆ ಎದ್ದು ಬರುತ್ತಿದ್ದಳು.

ದೇವೀರಮ್ಮನ ಬಚ್ಚಲೋ, ಎರಡು ಬೀರು ಇಟ್ಟರೆ ತುಂಬಿಹೋಗುವಷ್ಟು. ಎಡಗಡೆ ಬೇಸಿನ್ನು, ಬಲಗಡೆ ಕಮೋಡು, ಕೊನೆಯಲ್ಲಿ ಶವರು. ಜವರೇಶ ಮಿಂದರೆ ಅವನ ಜೊತೆಗೆ ಇಡೀ ಬಚ್ಚಲೇ ಮೀಯುತ್ತಿತ್ತು.

"ಬಾನುವಾರ ಅವ್ರು ಬತ್ತಾರೆ ಕಣ್ಲಾ. ಅಷ್ಟರಲ್ಲಿ ಶವರಿಗೆ ಅಡ್ಡ ಒಂದು ಗಾಜಿನ ಬಾಗಿಲು ಹಾಕಿಸ್ಬೇಕು. ನೀರು ಆ ಕಡೆ, ನೆಲ ಈ ಕಡೆ. ನಂಗೆ ಮಂಡಿನೋವು, ಬಸ್ಸು ಹತ್ತಾಕಾಗಲ್ಲ. ಬಚ್ಚಲ ಅಳತೆ ತಗೊಂಡು ಮಂಡ್ಯಕ್ಕೆ ಹೋಗಿ ಗಾಜಿನಂಗಡಿ ಇನಾಯತ್ ಸಾಬರಿಗೆ ಕೊಡು."

"ಅಷ್ಟೇ ತಾನೆ? ನಾನಿಲ್ವಾ!"

ಜವರೇಶ ಬಚ್ಚಲಿಗೆ ಹೋದ. ಎರಡೂ ಕೈ ಚಾಚಿ, ಈ ಗೋಡೆಗೊಂದು ಅಂಗೈ, ಆ ಗೋಡೆಗೊಂದು ಅಂಗೈ ಇಟ್ಟ. ಸರಿಯಾದ ಅಳತೆ ಸಿಕ್ಕಿತು. ಕೈ ಹಾಗೆಯೇ ಇಟ್ಟುಕೊಂಡು ಅಡ್ಡಡ್ಡ ನಡೆದು ಹೊರಬಿದ್ದ. ಬೀದಿಯವರೆಲ್ಲ, "ಏನ್ ಜವರ, ಯಾರನ್ನ ತಬ್ಕೋಬೇಕು?" ಅಂದರು. ಅವನು ತಿರುಗಿಯೂ ನೋಡಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿಯಲಿಲ್ಲ. ಬ್ರೇಕು ಹಾಕಿದಾಗ ಕಂಡಕ್ಟರನ ಮೇಲೆ ಬಿದ್ದ, ಆದರೂ ಕೈ ಅಲುಗಿಸಲಿಲ್ಲ. ನನ್ನಷ್ಟು ಜೋಪಾನವಾಗಿ ಯಾರು ತಂದಾರು ಎಂದು ಮನಸ್ಸಿನಲ್ಲೇ ಬೀಗಿದ.

ಅಂಗಡಿಯ ಮೆಟ್ಟಿಲು ಹತ್ತಿದ. ಇನಾಯತ್ ಸಾಬರು ನಗುಮುಖದವರು. ಎದ್ದು ನಿಂತು, "ಸಲಾಂ, ಬನ್ನಿ ಬನ್ನಿ!" ಎಂದರು.

ದೊಡ್ಡವರು ಸಲಾಂ ಮಾಡಿದರೆ ಸುಮ್ಮನಿರಬಾರದು ಎಂದು ಅವ್ವ ಎಂದೋ ಹೇಳಿದ್ದಳು. ಜವರೇಶ ಕೈ ಎತ್ತಿ ಸಲಾಂ ಮಾಡಿದ. ಅಳತೆ ಹೋಯಿತು!

ಬರಿಗೈಯಲ್ಲಿ ಮನೆಗೆ ಬಂದ. ದೇವೀರಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ದಾರ ಹಿಡಿದು ಅಳೆದು, ಗಂಟು ಹಾಕಿ, ಜೇಬಲ್ಲಿಟ್ಕೊಂಡು ಬರೋದಲ್ವೇನ್ಲಾ!"

"ಮುಂದಿನ ಸಲ ಹಂಗೇ ಮಾಡ್ತೀನಿ ಬುಡವ್ವ."

"ನೀನು ಅಳೆದಿದ್ದೂ ಸಾಕು, ತಂದಿದ್ದೂ ಸಾಕು. ನಾಳೆ ಹೋಗಿ ಸಾಬರನ್ನೇ ಕರ್ಕೊಂಡು ಬಾ."

"ಅಷ್ಟೇ ತಾನೆ? ನಾನಿಲ್ವಾ!"

ಮಾರನೆಯ ದಿನ ದಾರದುಂಡೆಯೊಂದಿಗೆ ಅಂಗಡಿಗೆ ಹೋದ. ಸಾಬರನ್ನು ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಒಂದು ಗಂಟು ಹಾಕಿದ. ಹೊಟ್ಟೆ ಸುತ್ತ ದಾರ ತಂದು ಇನ್ನೊಂದು ಗಂಟು ಹಾಕಿದ.

"ಏನಪ್ಪಾ ಇದು, ನಂಗೆ ಜುಬ್ಬ ಹೊಲಿಸ್ತೀಯಾ?" ಎಂದರು ಸಾಬರು.

"ನಮ್ಮವ್ವ ನಿಮ್ಮನ್ನ ಕರ್ಕೊಂಡು ಬಾ ಅಂದವ್ಳೆ."

"ಹಂಗಾದ್ರೆ ಇರು, ಚಪ್ಪಲಿ ಹಾಕ್ಕೊಂಡು ಬರ್ತೀನಿ."

"ಬೇಡ ಬುಡಿ, ಆಯ್ತು!" ಎಂದವನೇ ದಾರ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಇತ್ತ ದೇವೀರಮ್ಮ ಉಪ್ಪಿಟ್ಟು ಮಾಡಿ ಕಾಯುತ್ತಿದ್ದಳು. "ಎಲ್ಲೋ ಸಾಬರು?"

"ಇಲ್ಲೇ ಅವ್ರೆ." ಜೇಬಿನಿಂದ ದಾರ ತೆಗೆದು ಜೋತಾಡಿಸಿದ. "ಈ ಗಂಟಿನವರೆಗೂ ಎತ್ತರ, ಅಲ್ಲಿಂದ ಹೊಟ್ಟೆ. ಹೊಟ್ಟೆ ಜಾಸ್ತಿ ಕಣವ್ವ, ದಾರ ಸಾಲೋದೇ ಕಷ್ಟ ಆಯ್ತು!"

ದೇವೀರಮ್ಮ ಉಪ್ಪಿಟ್ಟಿನ ಸೌಟನ್ನೇ ಎತ್ತಿದಳು. "ಮನೆಗೆ ಬರೋರನ್ನ ಹಿಂಗೇನ್ಲಾ ತರೋದು! ಕೈ ಹಿಡ್ಕೊಂಡು, ಬಸ್ಸಲ್ಲಿ ಕಿಟಕಿ ಪಕ್ಕ ಕೂರಿಸಿ, ಬಿಸಿಲಾದ್ರೆ ಎಳನೀರು ಕುಡ್ಸಿ, ನಾಲ್ಕು ಒಳ್ಳೆ ಮಾತಾಡ್ಕೊಂಡು ಕರ್ಕೊಂಡು ಬರ್ಬೇಕು!"

"ಮುಂದಿನ ಸಲ ಹಂಗೇ ಮಾಡ್ತೀನಿ ಬುಡವ್ವ."

ತಮ್ಮನ್ನು ಅಳೆದದ್ದು ಯಾಕೆಂದು ರಾತ್ರಿಯೆಲ್ಲ ಯೋಚಿಸಿದ ಸಾಬರು ಬೆಳಿಗ್ಗೆ ಮನೆ ಹುಡುಕಿಕೊಂಡು ತಾವೇ ಬಂದರು. ಬಚ್ಚಲು ನೋಡಿದರು, ಟೇಪು ಹಿಡಿದರು.

"ತಾಯಿ, ಬಾಗಿಲು ಒಳಗೆ ತೆರೆಯೋದು ಬೇಕೋ, ಹೊರಗೆ ತೆರೆಯೋದು ಬೇಕೋ?"

"ಒಳಗೇ ಇರ್ಲಿ ಸಾಬರೇ. ಹೊರಗೆ ತೆರೆದ್ರೆ ಬಾಗಿಲ ಮೇಲಿನ ನೀರು ನೆಲಕ್ಕೆ ಬೀಳಲ್ವಾ?"

"ಒಳಗೆ ತೆರೆದ್ರೆ ನಲ್ಲಿಗೆ ಬಡಿಯತ್ತೆ. ಜೊತೆಗೆ ನಿಮ್ಮ ಮಗ ಒಳಗಿದ್ರೆ ಬಾಗಿಲಿಗೆ ಜಾಗ ಇಲ್ಲ, ಬಾಗಿಲು ಬಂದ್ರೆ ನಿಮ್ಮ ಮಗನಿಗೆ ಜಾಗ ಇಲ್ಲ."

"ಹಂಗಾದ್ರೆ ಪಕ್ಕಕ್ಕೆ ಜಾರೋದು?"

"ಜಾರಿ ಹೋಗಿ ನಿಲ್ಲೋಕೆ ಅಷ್ಟೇ ಅಗಲ ಇನ್ನೊಂದು ಗಾಜು ಬೇಕಲ್ಲ ತಾಯಿ. ಉಳಿದ ಕಿಂಡೀಲಿ ಇವನು ತೂರ್ತಾನಾ?"

ಕೊನೆಗೆ ಮಾತು ಇತ್ಯರ್ಥವಾಯಿತು. ಎಡಗಡೆ ಗೋಡೆಗೆ ಕೀಲು, ಹೊರಗೆ ತೆರೆಯುವ ಬಾಗಿಲು. ಬೇಸಿನ್ನಿಗೆ ತಾಗದೆ ಒಂದು ಗೇಣು ಈಚೆಗೇ ನಿಲ್ಲುತ್ತದೆ. ನೀರು ಹೊರಗೆ ಬರದಂತೆ ಬಾಗಿಲ ಕೆಳಗೆ ರಬ್ಬರು ಪಟ್ಟಿ. ಸಾಬರು ಹೊರಡುವಾಗ ಜವರೇಶನ ಭುಜ ತಟ್ಟಿ ಹೇಳಿದರು, "ಒಂದು ಮಾತು ನೆನಪಿರಲಿ. ಎದುರಿಗೆ ಯಾರಾದ್ರೂ ನಿಂತಿದ್ರೆ ಬಾಗಿಲು ತೆಗೀಬೇಡ. ಗಾಜು!"

"ಅಷ್ಟೇ ತಾನೆ? ನಾನಿಲ್ವಾ!"

ಬಾಗಿಲು ಸಿದ್ಧವಾದ ದಿನ ಅದನ್ನು ತರಲು ಜವರೇಶನೇ ಹೋದ. ಮನೆಗೆ ಬರುವವರನ್ನು ಹೇಗೆ ಕರೆತರಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲ ಹಿಡಿಯನ್ನು ಹಿಡಿದುಕೊಂಡು ನಡೆಸಿದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ತಾನು ಈಚೆ ಕೂತ.

ಕಂಡಕ್ಟರು ಬಂದ. "ಎಲ್ಲಿಗೆ?"

"ಎರಡು ಮದ್ದೂರು. ನಂಗೊಂದು, ಬಾಗಿಲಿಗೊಂದು."

"ಬಾಗಿಲು ಹೆಣ್ಣಾ? ಹೆಂಗಸ್ರಿಗಾದ್ರೆ ಫ್ರೀ ಕಣಪ್ಪಾ."

"ಕೇಳಿಲ್ಲ ಸಾರ್."

"ಹಂಗಾದ್ರೆ ಆಧಾರ್ ಕಾರ್ಡ್ ತೋರ್ಸಕ್ಕೆ ಹೇಳು!"

ಬಸ್ಸಿಗೆ ಬಸ್ಸೇ ನಕ್ಕಿತು. ಜವರೇಶ ಮಾತ್ರ ಬಾಗಿಲಿನ ಕಡೆ ತಿರುಗಿ, ಈ ಸಲ ಮಳೆ ಬೆಳೆ ಹೇಗೆ, ಮಂಡ್ಯದಲ್ಲಿ ಸೆಕೆ ಜಾಸ್ತಿಯೇ ಎಂದೆಲ್ಲ ಒಳ್ಳೆಯ ಮಾತಾಡಿದ. ಮದ್ದೂರಲ್ಲಿ ಇಳಿದಾಗ ಬಿಸಿಲು ಸುಡುತ್ತಿತ್ತು. ಎಳನೀರು ಕೊಚ್ಚಿಸಿ ಬಾಗಿಲಿಗೆ ಕುಡಿಸಿದ. ಗಂಜಿ ಹೆರೆದು ಅದನ್ನೂ ತಿನ್ನಿಸಿದ.

ದೇವೀರಮ್ಮ ನೋಡುತ್ತಾಳೆ, ಗಾಜಿನ ತುಂಬ ಅಂಟು, ಅಂಟಿನ ತುಂಬ ಇರುವೆ!

"ಯಾಕವ್ವ ಹಂಗೆ ನೋಡ್ತೀಯ? ಗುಟುಕು ಗುಟುಕಾಗಿ ಕುಡೀತು, ಸ್ವಲ್ಪ ಚೆಲ್ಕೊಂತು ಅಷ್ಟೇ!"

"ಮುಂಡೇದೇ! ಒಡೆಯೋ ಸಾಮಾನು ತರೋದು ಹಿಂಗೇನ್ಲಾ? ಕಂಬಳಿ ಸುತ್ತಿ, ಹಗ್ಗ ಬಿಗಿದು, ತಳ್ಳೋ ಗಾಡಿ ಮೇಲೆ ಹುಲ್ಲು ಹಾಸಿ ಮಲಗ್ಸಿ, ಮೆಲ್ಲಗೆ ತಳ್ಕೊಂಡು ಬರ್ಬೇಕು!"

"ಮುಂದಿನ ಸಲ ಹಂಗೇ ಮಾಡ್ತೀನಿ ಬುಡವ್ವ."

ಶನಿವಾರ ಸಾಬರು ಇರುವೆ ಒರೆಸಿ ಬಾಗಿಲು ಕೂರಿಸಿದರು. ಬೆರಳಿನಿಂದ ದೂಡಿದರೆ ತೆರೆಯಿತು, ಬೇಸಿನ್ನಿಗೆ ಒಂದು ಗೇಣು ಈಚೆಗೇ ನಿಂತಿತು. ದೇವೀರಮ್ಮನ ಕಣ್ಣಲ್ಲಿ ನೀರು ಬಂತು. ಇನ್ನೇನು, ಸಂಬಂಧ ಆದಂತೆಯೇ!

ಭಾನುವಾರ ಬಂತು. ಒಲೆಯ ಮೇಲೆ ಒಬ್ಬಟ್ಟಿನ ಹೂರಣ ಬೇಯುತ್ತಿತ್ತು, ಬಿಟ್ಟು ಬರುವಂತಿರಲಿಲ್ಲ. "ಬಸ್ ಸ್ಟ್ಯಾಂಡಿಗೆ ಹೋಗಿ ಅವ್ರನ್ನ ಕರ್ಕೊಂಡು ಬಾ. ಅಜ್ಜಿ ಹುಷಾರು ಕಣ್ಲಾ. ಸೊಂಟ ಮುರಿದು ಕೂಡಿರೋದು, ಗಾಜಿನ ಸಾಮಾನು ಇದ್ದಂಗೆ!"

"ಅಷ್ಟೇ ತಾನೆ? ನಾನಿಲ್ವಾ!"

ಗಾಜಿನ ಸಾಮಾನು ಎಂಬ ಮಾತು ತನ್ನ ಬಾಯಿಂದ ಬಿದ್ದದ್ದೇ ತಪ್ಪಾಯಿತು ಎಂದು ದೇವೀರಮ್ಮನಿಗೆ ಗೊತ್ತಾದದ್ದು ಬಾಗಿಲಲ್ಲಿ ಗಾಡಿಯ ಸದ್ದು ಕೇಳಿದ ಮೇಲೆ. ಗಾಡಿಯ ತುಂಬ ಹುಲ್ಲು. ಹುಲ್ಲಿನ ಮೇಲೆ ಕಂಬಳಿ. ಕಂಬಳಿಗೆ ಹಗ್ಗ. ಕಂಬಳಿಯ ಒಂದು ತುದಿಯಲ್ಲಿ ಹೊಂಬಾಳಮ್ಮನ ಮುಖ, ಕೆಂಡದ ಹಾಗೆ! ಹುಡುಗಿಯ ಅಪ್ಪ ಮರಿಸ್ವಾಮಿ ಬಾಳೆಹಣ್ಣು ತರಲು ಅತ್ತ ಹೋಗಿದ್ದಾಗ ಇತ್ತ ಇಷ್ಟೂ ನಡೆದುಹೋಗಿತ್ತು. ಈಗ ಹಣ್ಣಿನ ಚೀಲ ಹಿಡಿದು ಏದುಸಿರು ಬಿಡುತ್ತ ಹಿಂದೆ ಓಡಿಬರುತ್ತಿದ್ದ. ಇಂದ್ರಾಣಿ ತಡೆಯಬಹುದಿತ್ತು. ಆದರೆ ಅವಳು ಸೆರಗು ಬಾಯಿಗೆ ತುರುಕಿಕೊಂಡು ದಾರಿಯುದ್ದಕ್ಕೂ ನಕ್ಕಳು.

"ಹೋಯ್ತು, ಸಂಬಂಧ ಹೋಯ್ತು!" ದೇವೀರಮ್ಮ ಓಡಿಬಂದು ಹಗ್ಗ ಬಿಚ್ಚಿದಳು. "ತಪ್ಪಾಯ್ತು ಅಜ್ಜಮ್ಮ, ಕಾಲಿಗೆ ಬೀಳ್ತೀನಿ!"

ಹೊಂಬಾಳಮ್ಮ ಎದ್ದು ಕೂತು ಜಡೆಯಿಂದ ಹುಲ್ಲು ಕಿತ್ತಳು. ಸೊಂಟ ಮುಟ್ಟಿ ನೋಡಿಕೊಂಡಳು. "ಒಂದು ಕುಲುಕೂ ತಾಗ್ಲಿಲ್ಲ ಬುಡು. ಅದು ಹಂಗಿರ್ಲಿ. ಕಂಬಳಿಯೊಳಗೆ ಬೆಂದು ಬಾಯಿ ಒಣಗೈತೆ, ಇವತ್ತೊಂದು ದಿನ ಕಾಫಿ ಕುಡ್ದ ಮೇಲೆ ಬಚ್ಚಲು ನೋಡ್ತೀನಿ."

ದೇವೀರಮ್ಮನಿಗೆ ಹೋದ ಜೀವ ಬಂತು. ಮಗನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು. "ಮೈಯೆಲ್ಲಾ ಹುಲ್ಲು, ಧೂಳು! ಪಂಚೆ ಉಟ್ಕೊಂಡು ಬೇಗ ಎರಡು ಚೊಂಬು ನೀರು ಹೊಯ್ಕೊ. ಆದ್ರೆ ನೋಡು, ಆ ಬಾಗಿಲಿಂದ ಈಚೆಗೆ ಒಂದೇ ಒಂದು ಹನಿ ಬಂದ್ರೆ ನಿನ್ನ ಮದುವೆ ಇಲ್ಲ!"

"ಅಷ್ಟೇ ತಾನೆ? ನಾನಿಲ್ವಾ!"

ಹೋದ. ಮಿಂದ. ನಲ್ಲಿ ನಿಲ್ಲಿಸಿದ. ಬಾಗಿಲ ಹಿಡಿಗೆ ಕೈ ಹಾಕಿದವನು ತನ್ನ ಮೈ ನೋಡಿಕೊಂಡ. ಮೂಗಿನ ತುದಿಯಲ್ಲಿ ಹನಿ, ಮೊಣಕೈಯಲ್ಲಿ ಹನಿ, ಪಂಚೆಯ ಅಂಚಿನ ತುಂಬ ಹನಿ. ಟವೆಲು ಹೊರಗಿನ ಮೊಳೆಯಲ್ಲಿದೆ. ತಾನು ಈಚೆಗೆ ಬಂದರೆ ಹನಿಯೂ ಬರುತ್ತದೆ. ಜವರೇಶ ಕೈ ಹಿಂದೆ ತೆಗೆದು ಗಾಜಿನ ಹಿಂದೆ ಸುಮ್ಮನೆ ನಿಂತ.

ಕಾಫಿ ಮುಗಿಯಿತು. ಒಬ್ಬಟ್ಟು ಮುಗಿಯಿತು. ಗಂಡು ಬರಲಿಲ್ಲ. ಹೊಂಬಾಳಮ್ಮ ಕೋಲು ಊರಿ ಎದ್ದಳು. ಅವಳ ಹಿಂದೆ ಮರಿಸ್ವಾಮಿ, ಅವನ ಹಿಂದೆ ದೇವೀರಮ್ಮ. ಮೂವರೂ ಬಚ್ಚಲಿಗೆ ತೂರಿದರು. ಇಂದ್ರಾಣಿ ಹೊಸ್ತಿಲಲ್ಲೇ ನಿಂತಳು.

ಗಾಜಿನ ಹಿಂದೆ ಜವರೇಶ, ತೊಟ್ಟಿಕ್ಕುತ್ತ, ನಗುತ್ತ.

"ಈಚೆಗೆ ಬಾರ್ಲಾ!" ದೇವೀರಮ್ಮ ಕೂಗಿದಳು.

"ಹೆಂಗವ್ವ ಬರ್ಲಿ? ಹನಿ ಬತ್ತದೆ!"

ಹೊಂಬಾಳಮ್ಮ ಕಷ್ಟಪಟ್ಟು ಬಗ್ಗಿ ನೆಲವನ್ನು ಅಂಗೈಯಿಂದ ಸವರಿದಳು. ಅಂಗೈ ನೋಡಿಕೊಂಡಳು. ಮತ್ತೆ ಸವರಿದಳು. ಒಬ್ಬಟ್ಟು ಲಟ್ಟಿಸಬಹುದು, ಅಷ್ಟು ಒಣಗಿತ್ತು ನೆಲ!

"ಎಷ್ಟೊತ್ತಿಂದ ನಿಂತಿದ್ದೀಯ ಮಗ?"

"ಮಿಂದಾಗಿಂದ ಅಜ್ಜಿ. ಒಣಗೋವರೆಗೂ ನಿಂತ್ಕೊತೀನಿ. ಅವಸರ ಇಲ್ಲ."

"ನನ್ನ ಸೊಂಟ ಮುರಿದ ಮೇಲೂ ನಮ್ಮನೆ ಗಂಡಸ್ರು ಕಾಲೊರೆಸಿಲ್ಲ. ಏ ಮರಿಸ್ವಾಮಿ, ನಿಂಗೇ ಹೇಳ್ತಿರೋದು! ಈ ಹುಡುಗ ನನ್ನ ಮೊಮ್ಮಗಳಿಗೆ ಆಯ್ತು. ಬಾರಪ್ಪ, ಈಚೆಗೆ ಬಾ."

"ಬರೋ ಹಂಗಿಲ್ಲ ಅಜ್ಜಿ. ನೀವು ಎದುರಿಗೆ ನಿಂತಿದ್ದೀರಿ. ಸಾಬರು ಹೇಳವ್ರೆ, ಗಾಜು!"

ಅಜ್ಜಿ ಹಿಂದೆ ಸರಿದರೆ ಮರಿಸ್ವಾಮಿಯ ಹೊಟ್ಟೆ. ಮರಿಸ್ವಾಮಿ ಸರಿದರೆ ಕಮೋಡು. ದೇವೀರಮ್ಮ ಬೇಸಿನ್ನಿಗೆ ಒತ್ತಿಕೊಂಡು, "ಬಾ!" ಅನ್ನುತ್ತಾಳೆ, "ಬೇಡ!" ಅನ್ನುತ್ತಾಳೆ. ಮೂವರಿಗೂ ತಿರುಗಲು ಜಾಗವಿಲ್ಲ.

ಆಗ ಇಂದ್ರಾಣಿ ನಗು ನಿಲ್ಲಿಸಿದಳು. ಟವೆಲು ತೆಗೆದು ಗಾಜಿನ ಮೇಲಿಂದ ಒಳಗೆ ಎಸೆದಳು. ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ಹೊರಗೆ ಕಳಿಸಿದಳು. ಆಮೇಲೆ ಬಿಡಿಸಿ ಬಿಡಿಸಿ ಹೇಳಿದಳು.

"ಮೊದಲು ತಲೆ ಒರೆಸ್ಕೊಳ್ಳಿ. ಆಮೇಲೆ ಮೈ. ಪಂಚೆ ಹಿಂಡಿ ಗಟ್ಟಿಯಾಗಿ ಕಟ್ಕೊಳ್ಳಿ. ಕಾಲೊರೆಸ್ಕೊಳ್ಳಿ. ಈಗ ಎದುರಿಗೆ ಯಾರೂ ಇಲ್ಲ, ಬಾಗಿಲು ತೆಗೀರಿ. ಎಡಕ್ಕೆ ಬೇಸಿನ್ನು, ಬಲಕ್ಕೆ ಕಮೋಡು. ಅತ್ತ ಇತ್ತ ನೋಡದೆ ನೇರವಾಗಿ ನಡ್ಕೊಂಡು ಬನ್ನಿ."

ಜವರೇಶ ಒರೆಸಿಕೊಂಡ, ಹಿಂಡಿದ, ಕಟ್ಟಿಕೊಂಡ. ಬಾಗಿಲು ತೆಗೆದ. ಬೇಸಿನ್ನಿಗೆ ತಾಗಲಿಲ್ಲ, ಒಂದು ಹನಿ ಬೀಳಲಿಲ್ಲ. ನೇರವಾಗಿ ನಡೆದು ಬಂದ. ದೇವೀರಮ್ಮ ಕೈ ಮುಗಿದಳು. ಇಷ್ಟು ವರ್ಷದಲ್ಲಿ ಅವನು ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ ಸರಿಯಾಗಿ ಮಾಡಿದ್ದು ಇದೇ ಮೊದಲು!

ಬಂದವನು ಇಂದ್ರಾಣಿಯ ಮುಂದೆ ಹಾದು ನಡೆದ. ನಡುಮನೆ ದಾಟಿದ. ಅಜ್ಜಿಯ ಮುಂದೆ ಹೋದ, ಜಗುಲಿ ಇಳಿದ, ಬೀದಿಗೆ ಬಿದ್ದ. ಅತ್ತ ಇತ್ತ ನೋಡಲಿಲ್ಲ. ಎದೆ ಮುಂದೆ ಮಾಡಿಕೊಂಡು, ಬರಿಮೈಯಲ್ಲಿ, ನೇರವಾಗಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದ.

"ಎಲಾ ಎಲಾ, ಎಲ್ಲಿಗೋ!" ದೇವೀರಮ್ಮ ಬೈಯಲು ಬಾಯಿ ತೆರೆದಳು.

ಹೊಂಬಾಳಮ್ಮ ಕೋಲು ಅಡ್ಡ ಹಿಡಿದಳು. "ನೀನು ಸುಮ್ಕಿರು ದೇವೀರಮ್ಮ. ಇನ್ನು ಬೈಯೋದು ಅವಳ ಕೆಲಸ."

ಇಂದ್ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗುಲಿಗೆ ಓಡಿದಳು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ರೀ! ನಿಂತ್ಕೊಳ್ಳೀ!"

ಜವರೇಶ ನಿಂತ. ಎತ್ತಿದ ಬಲಗಾಲು ಎತ್ತಿದಂತೆಯೇ, ನಡುರಸ್ತೆಯಲ್ಲಿ, ಒಂಟಿಕಾಲಲ್ಲಿ. ಹಿಂದೆ ಮಂಡ್ಯದ ಬಸ್ಸು ಬಂದು ನಿಂತು ಹಾರನ್ನು ಹೊಡೆಯಿತು, ಹೊಡೆಯಿತು, ಹೊಡೆಯಿತು. ಅವನು ಕದಲಲಿಲ್ಲ. ಕಂಡಕ್ಟರು ತಲೆ ಹೊರಗೆ ಹಾಕಿ, "ಏನಪ್ಪಾ, ಇವತ್ತು ಬಾಗಿಲು ಎಲ್ಲಿ?" ಎಂದ.

"ಬಚ್ಚಲಲ್ಲಿ ಐತೆ," ಎಂದ ಜವರೇಶ, ಕಾಲು ಇಳಿಸದೆ. "ಈಗ ಮದುವೆಗೆ ನಿಂತಿದ್ದೀನಿ!"