ಹೆಜ್ಜೇನು ಬಂಡೆಯ ಮುಂದಿನ ಬಯಲು

ಹೆಜ್ಜೇನು ಬಂಡೆಗೂ ಊರಿಗೂ ನಡುವೆ ಇರುವ ಬಯಲು ಖಾಲಿಯಾಗಿಯೇ ಇರಬೇಕು. ಊರಿನ ಪ್ರಾಣಿಗಳು ಅಲ್ಲಿ ಮನೆ ಮಾಡಬಾರದು. ಹೆಜ್ಜೇನುಗಳು ಬಯಲು ದಾಟಿ ಊರ ಕಡೆ ಗೂಡು ಕಟ್ಟಬಾರದು.

ಇದು ಬಿದಿರುಗುಂಡಿ ಕಾಡಿನ ನಿಯಮ. ಮಕ್ಕಳೇ, ಪಾಪ, ಅವರಿಗೆ ಗೊತ್ತಿರಲಿಲ್ಲವೇನೋ ಎಂದುಕೊಳ್ಳಬೇಡಿ. ಎಲ್ಲರಿಗೂ ಗೊತ್ತಿತ್ತು. ಬಯಲಿನ ಅಂಚಿನುದ್ದಕ್ಕೂ ಹಿರಿಯರು ಗಡಿಕಲ್ಲು ನೆಟ್ಟಿದ್ದರು. ಗೊತ್ತಿದ್ದೂ ಎಲ್ಲರೂ ಮುರಿದರು. ಮುರಿಯದೆ ಉಳಿದವಳು ಒಬ್ಬಳೇ. ಅವಳು ಸೂಜವ್ವ ಎಂಬ ಮುಳ್ಳುಹಂದಿ.

ಬಂಡೆಯ ಹುಬ್ಬಿನ ಕೆಳಗೆ ಹೆಜ್ಜೇನುಗಳ ದಂಡು ಬೀಡುಬಿಟ್ಟಿತ್ತು. ಒಣಹಾಕಿದ ಕರಿ ಕಂಬಳಿಗಳ ಹಾಗೆ ಅವುಗಳ ಗೂಡುಗಳು ಸಾಲಾಗಿ ತೂಗುತ್ತಿದ್ದವು. ಗುಡ್ಡದಾಚೆ ಒಂದು ಕರಡಿ ಇತ್ತು. ಅದು ಈಚೆ ಬಂತೆಂದರೆ ಬಿಲ ಉಳಿಯುವುದಿಲ್ಲ, ಹುತ್ತ ಉಳಿಯುವುದಿಲ್ಲ, ಮೊಟ್ಟೆ ಮರಿ ಯಾವುದೂ ಉಳಿಯುವುದಿಲ್ಲ. ಆದರೆ ಈಚೆ ಬರಲು ಅದು ಬಯಲು ದಾಟಬೇಕು. ಬಯಲಿಗೆ ಕಾಲಿಟ್ಟ ಕೂಡಲೇ ಬಂಡೆಯ ಮೇಲಿನ ಕಾವಲಿನವರ ಕಣ್ಣಿಗೆ ಬೀಳುತ್ತಿತ್ತು. ದಂಡು ಇಳಿಯುತ್ತಿತ್ತು. ಕರಡಿ ಓಡುತ್ತಿತ್ತು.

ಕೆರಳಿದ ಹೆಜ್ಜೇನಿಗೆ ಕರಡಿ ಯಾವುದು, ಮೊಲ ಯಾವುದು ತಿಳಿಯುವುದಿಲ್ಲ. ಕದಲಿದ್ದೆಲ್ಲ ಅದರ ಪಾಲಿಗೆ ಶತ್ರು. ಅದಕ್ಕೇ ಹಿರಿಯರು ಬಯಲನ್ನು ಖಾಲಿ ಬಿಟ್ಟಿದ್ದು.

ಇನ್ನೊಂದು ಕಾರಣವೂ ಇತ್ತು. ಪ್ರತಿ ಸಂಜೆ ದಂಡಿನ ಕವಾಯತು ನಡೆಯುತ್ತಿತ್ತು. ಜೇನುಗಳೆಲ್ಲ ಒಟ್ಟಿಗೆ ಎದ್ದು, ಕಾಡೇ ನಡುಗುವ ಹಾಗೆ ಗುಂಯ್‌ಗುಡುತ್ತಾ ಬಯಲಿನ ಮೇಲೆ ಸುತ್ತು ಹಾಕುತ್ತಿದ್ದವು. ಹಾಗೆ ಹಾರುವಾಗಲೇ ಎಲ್ಲವೂ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತಿದ್ದವು. ನಗಬೇಡಿ. ಗೂಡನ್ನು ಗಲೀಜು ಮಾಡಬಾರದೆಂಬ ಶಿಸ್ತು ಅದು. ಆಗ ಬಯಲಿಗೆಲ್ಲ ಹಳದಿ ಹನಿಗಳ ಮಳೆ. ಹುಲ್ಲಿಗೆ ಅದೇ ಗೊಬ್ಬರ. ಅಲ್ಲಿನ ಹುಲ್ಲು ಅಷ್ಟು ಎಳಸಾಗಿ, ಮಣ್ಣು ಅಷ್ಟು ಮೆತ್ತಗೆ ಇದ್ದದ್ದು ಆ ಹನಿಗಳಿಂದಲೇ.

ಆ ಹುಲ್ಲಿನ ಮೇಲೆ ಮೊದಲು ಕಣ್ಣು ಹಾಕಿದವನು ಮೊಲ ಬೆಳ್ಳಪ್ಪ. ಒಂದು ದಿನ ಗಡಿಕಲ್ಲಿನಾಚೆ ಮಣ್ಣು ಕೆದರುತ್ತಾ ಕೂತಿದ್ದ.

"ಏನಪ್ಪಾ ಬೆಳ್ಳಪ್ಪ, ಕಲ್ಲು ಕಾಣಲಿಲ್ಲವಾ?" ಎಂದಳು ಸೂಜವ್ವ. ಅವಳ ಬಿಲ ಇದ್ದದ್ದು ಗಡಿಕಲ್ಲಿಗೆ ತಾಗಿಕೊಂಡೇ, ಈಚೆ ಬದಿಗೆ. ಅದರ ಹಿಂದೆ ದಟ್ಟವಾದ ಬಿದಿರುಮೆಳೆ.

"ಒಂದು ಮೂಲೆ ಅಷ್ಟೇ, ಸೂಜವ್ವ. ಇಷ್ಟು ದೊಡ್ಡ ಬಯಲಲ್ಲಿ ನನ್ನದೊಂದು ಬಿಲ ಯಾರಿಗೆ ಭಾರ?"

"ನಿನ್ನ ಬಿಲ ಭಾರವಲ್ಲ. ನಿನ್ನನ್ನು ನೋಡಿ ಬರುವವರು ಭಾರ."

ಅವಳು ಅಂದ ಹಾಗೇ ಆಯಿತು. ಬೆಳ್ಳಪ್ಪನ ಹಿಂದೆ ಅವನ ಅಣ್ಣ ತಮ್ಮಂದಿರು ಬಂದರು. ಇಲಿಗಳು ಬಂದವು. ಉಡ ಬಂತು. ಕೊನೆಗೆ ಊರಿನ ಯಜಮಾನ ಮುಂಗುಸಿ ಕೆಂಚಯ್ಯನೇ ಬಂದ. ಬರುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ದಂಡಿನ ಪಕ್ಕದಲ್ಲಿ ಇದ್ದರೆ ಕರಡಿಯ ಭಯವೇ ಇಲ್ಲ ನೋಡಿ!"

ದಂಡು ಯಾಕೆ ಸುಮ್ಮನಿತ್ತು? ಹೊಸಬರು ಮನೆಯ ಸುತ್ತ ಬೇಲಿ ಕಟ್ಟಿ ತುಂಬೆ ಗಿಡ ಬೆಳೆಸಿದರು. ಹೂವಿಗಾಗಿ ದೂರ ಹಾರುವ ಕಷ್ಟ ಜೇನುಗಳಿಗೆ ತಪ್ಪಿತು. ದಂಡಿನ ದಳವಾಯಿ ಮೊನೆಯಮ್ಮ ಎಂಬ ಮುದಿ ಜೇನು. ಅವಳು ಮನೆಗಳನ್ನು ನೋಡಿಯೂ ನೋಡದಂತೆ ಇದ್ದುಬಿಟ್ಟಳು. ಅದೇ ಧೈರ್ಯದ ಮೇಲೆ ಒಂದಷ್ಟು ಜೇನುಗಳನ್ನು ಊರ ದಾರಿಯ ಬೂರುಗದ ಮರಕ್ಕೆ ಕಳಿಸಿ, ಅಲ್ಲೂ ಗೂಡು ಕಟ್ಟಿಸಿದಳು. ಕೆಂಚಯ್ಯ ಅದನ್ನು ನೋಡಿಯೂ ನೋಡದಂತೆ ಇದ್ದ. ನಿನ್ನದನ್ನು ನಾನು ಕೇಳುವುದಿಲ್ಲ, ನನ್ನದನ್ನು ನೀನು ಕೇಳಬೇಡ. ಹೀಗೆ ಎರಡೂ ಕಡೆಯವರು ಕೂಡಿಯೇ ನಿಯಮವನ್ನು ಹೂತರು.

ಸೂಜವ್ವನಿಗೆ ಎಲ್ಲಕ್ಕಿಂತ ನೋವಾದದ್ದು ಬೇರೆ ವಿಷಯಕ್ಕೆ. ಅವಳ ಮಗಳು ಚಿಗುರಿ ತನ್ನ ಎರಡು ಮರಿಗಳನ್ನು ಕಟ್ಟಿಕೊಂಡು ಬಯಲಿಗೆ ಹೊರಟು ನಿಂತಳು.

"ಅಲ್ಲಿಗೆ ಹೋಗಬೇಡ ಕಣೇ," ಎಂದಳು ಸೂಜವ್ವ.

"ಎಲ್ಲರ ಮಕ್ಕಳೂ ಮೆತ್ತನೆ ಹುಲ್ಲಿನ ಮೇಲೆ ಆಡುತ್ತಿದ್ದಾರೆ. ನಿನ್ನ ಹಟಕ್ಕೆ ನನ್ನ ಮಕ್ಕಳು ಈ ಕಲ್ಲುನೆಲದಲ್ಲಿ ಬಿದ್ದಿರಬೇಕಾ, ಅವ್ವ?"

"ಕಲ್ಲುನೆಲ ಚುಚ್ಚುತ್ತೆ, ನಿಜ. ಕೊಲ್ಲುವುದಿಲ್ಲ."

ಚಿಗುರಿ ಮಾತು ಕೇಳಲಿಲ್ಲ, ಹೋದಳು. ಮರಿಗಳು ತಿರುಗಿ ತಿರುಗಿ ನೋಡುತ್ತಾ ಹೋದವು. ಸೂಜವ್ವ ಅವತ್ತು ಊಟ ಮುಟ್ಟಲಿಲ್ಲ. ಆದರೆ ಒಂದು ಕೆಲಸ ಮಾಡಿದಳು. ಬಯಲಿನ ನಡುವಿನಿಂದ ತನ್ನ ಬಿಲದವರೆಗೆ ಒಂದು ಪಟ್ಟಿ ಜಾಗ ಇನ್ನೂ ಖಾಲಿ ಉಳಿದಿತ್ತು. ಅಲ್ಲಿ ಯಾರು ಕೋಲು ನೆಟ್ಟರೂ ಕಿತ್ತು ಬಿಸಾಡುತ್ತಿದ್ದಳು. ಯಾರು ಮಣ್ಣು ಕೆದರಿದರೂ ಮುಳ್ಳು ಝಳಪಿಸಿ ಅಟ್ಟುತ್ತಿದ್ದಳು.

ಕೆಲವು ದಿನ ಕಳೆದವು. ಬಯಲಿನ ಹೊಸ ನಿವಾಸಿಗಳಿಗೆ ಕಿರಿಕಿರಿ ಶುರುವಾಯಿತು.

"ಏನು ಸದ್ದು, ಏನು ಸದ್ದು! ಸಂಜೆಯಾದರೆ ಮಕ್ಕಳು ಬೆಚ್ಚಿಬೀಳುತ್ತವೆ," ಎಂದಿತು ಇಲಿ.

"ಸದ್ದು ಹಾಳಾಗಲಿ, ನನ್ನ ಬೆನ್ನು ನೋಡಿ!" ಎಂದ ಬೆಳ್ಳಪ್ಪ. ಅವನ ಬಿಳಿ ಬೆನ್ನ ತುಂಬ ಹಳದಿ ಚುಕ್ಕೆ. "ಹೆಂಡತಿ ಚಿರತೆಮರಿ ಅಂದುಕೊಂಡು ಕಿರುಚಿಕೊಂಡಳು!"

ಯಜಮಾನ ಕೆಂಚಯ್ಯ ಸಭೆ ಕರೆದ. ಮೊನೆಯಮ್ಮನೂ ಬಂದು ಒಂದು ಕೊಂಬೆಯ ಮೇಲೆ ಕೂತಳು.

"ದಳವಾಯಿಗಳೇ, ಸಂಜೆಯ ಕವಾಯತು ನಿಲ್ಲಬೇಕು. ಇದು ಸಂಸಾರಸ್ಥರು ಇರುವ ಜಾಗ," ಎಂದ ಕೆಂಚಯ್ಯ.

ಸೂಜವ್ವನಿಗೆ ತಡೆಯಲಾಗಲಿಲ್ಲ. "ಯಜಮಾನರೇ, ಜೇನು ನಮ್ಮ ಮನೆಯ ಮೇಲೆ ಬಂದು ಹಾರಿತೋ, ಜೇನು ಹಾರುವ ಜಾಗಕ್ಕೆ ಹೋಗಿ ನಾವು ಮನೆ ಮಾಡಿದೆವೋ? ಹಗಲೆಲ್ಲ ನಿದ್ದೆ ಮಾಡುವವಳು ನಾನು. ಸದ್ದು ಅಂತ ದೂರು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ನನಗಿದೆ. ನಾನು ಹೇಳುತ್ತಿಲ್ಲ. ಆ ಸದ್ದು ಇರುವುದರಿಂದಲೇ ನನಗೆ ನಿದ್ದೆ ಬರುತ್ತೆ."

"ನಿನಗೇನಮ್ಮ, ಮೈತುಂಬ ಮುಳ್ಳು. ಹನಿ ಬಿದ್ದರೂ ತಾಗಲ್ಲ, ಮಾತು ಬಿದ್ದರೂ ತಾಗಲ್ಲ!" ಎಂದ ಬೆಳ್ಳಪ್ಪ. ಸಭೆ ಗೊಳ್ಳೆಂದು ನಕ್ಕಿತು. ಚಿಗುರಿ ತಲೆ ತಗ್ಗಿಸಿದಳು.

ಸೂಜವ್ವ ಮೊನೆಯಮ್ಮನ ಕಡೆ ತಿರುಗಿದಳು. "ನೀವಾದರೂ ಹೇಳಿ, ದಳವಾಯಮ್ಮ. ಕವಾಯತು ಬಿಟ್ಟ ದಂಡು ದಂಡಾಗಿ ಉಳಿಯುತ್ತಾ?"

ಮೊನೆಯಮ್ಮ ರೆಕ್ಕೆ ಸರಿಮಾಡಿಕೊಂಡಳು. "ನೆರೆಯವರ ಮನಸ್ಸು ನೋಯಿಸಬಾರದು ನೋಡು. ಅಲ್ಲದೆ ಕರಡಿ ಬಂದು ಎಷ್ಟು ಕಾಲವಾಯಿತು! ದಿನಾ ಸಂಜೆ ಹಾರುವುದು ನಮಗೂ ಆಯಾಸವೇ. ನಿಲ್ಲಿಸೋಣ."

"ಇನ್ನೊಂದು ವಿಷಯ," ಎಂದ ಕೆಂಚಯ್ಯ. "ಸೂಜವ್ವ, ನಿನ್ನ ಬಿಲದ ಮುಂದಿನ ಪಟ್ಟಿ ಸುಮ್ಮನೆ ಹಾಳುಬಿದ್ದಿದೆ. ಅಲ್ಲಿ ನನ್ನ ಅಳಿಯ ಮನೆ ಮಾಡುತ್ತಾನೆ. ಬಿಟ್ಟುಕೊಡು."

"ಬಿಡುವುದಿಲ್ಲ."

"ಅದೇನು ನಿನ್ನ ಅಪ್ಪನ ಜಾಗವಾ?"

"ಅಲ್ಲ. ಅದಕ್ಕೇ ಕೊಡಲು ನನಗೆ ಹಕ್ಕಿಲ್ಲ. ಕೇಳಲು ನಿಮಗೂ ಇಲ್ಲ."

ಕೆಂಚಯ್ಯನ ಮೂಗು ಕೆಂಪಾಯಿತು. "ಹಾಗಾದರೆ ಇವತ್ತಿನಿಂದ ಇವಳ ಜೊತೆ ಯಾರೂ ಮಾತಾಡಕೂಡದು. ಮಗಳಾದರೂ ಸರಿ!"

"ಒಳ್ಳೆಯದೇ ಆಯಿತು. ನಿದ್ದೆ ಇನ್ನೂ ಚೆನ್ನಾಗಿ ಬರುತ್ತೆ," ಎಂದು ಸೂಜವ್ವ ಎದ್ದು ನಡೆದಳು. ನಡೆಯುವಾಗ ಅವಳ ಬೆನ್ನು ನೆಟ್ಟಗೇ ಇತ್ತು. ಬಿಲದೊಳಗೆ ಹೋದ ಮೇಲೆ, ಮರಿಗಳು ಮಲಗುತ್ತಿದ್ದ ಮೂಲೆಯನ್ನು ಮಾತ್ರ ತುಂಬ ಹೊತ್ತು ನೋಡುತ್ತಾ ಕೂತಳು.

ಕರಡಿಗೆ ಇದೆಲ್ಲ ಹೇಗೆ ತಿಳಿಯಿತು ಎಂದು ಕೇಳುತ್ತೀರಾ? ಯಾರೂ ಹೇಳಬೇಕಾಗಿರಲಿಲ್ಲ. ಸಂಜೆಯ ಗುಂಯ್‌ಗುಟ್ಟುವಿಕೆ ಗುಡ್ಡದಾಚೆಗೂ ಕೇಳಿಸುತ್ತಿತ್ತು. ಈಗ ಕೇಳಿಸುತ್ತಿರಲಿಲ್ಲ. ಕರಡಿ ಕಿವಿ ನಿಮಿರಿಸಿತು, ಗುಡ್ಡ ಹತ್ತಿ ಇಣುಕಿತು. ಖಾಲಿ ಬಯಲಿದ್ದ ಕಡೆ ಬೇಲಿಗಳು, ತುಂಬೆ ಪೊದೆಗಳು, ಮಣ್ಣಿನ ಗುಡ್ಡೆಗಳು! ಬಚ್ಚಿಟ್ಟುಕೊಂಡು ನಡೆಯಲು ಅದಕ್ಕಿಂತ ಒಳ್ಳೆಯ ದಾರಿ ಬೇಕೇ?

ಒಂದು ಮಧ್ಯಾಹ್ನ ಅದು ಬೇಲಿಯಿಂದ ಬೇಲಿಗೆ ತೆವಳುತ್ತಾ ಬಂಡೆಯ ಬುಡಕ್ಕೇ ಬಂತು. ಕಾವಲಿನವರಿಗೆ ಕಾಣಲೇ ಇಲ್ಲ. ಅದು ಬಂಡೆ ಹತ್ತಿ ಒಂದು ಗೂಡಿಗೆ ಪಂಜ ಹಾಕಿದಾಗಲೇ ದಂಡಿಗೆ ಎಚ್ಚರವಾದದ್ದು.

"ಏಳಿ! ಇಳಿಯಿರಿ!" ಎಂದು ಕೂಗಿದಳು ಮೊನೆಯಮ್ಮ.

ಇಳಿಯುವುದೆಲ್ಲಿಗೆ? ಕವಾಯತು ಮರೆತ ದಂಡು ದಿಕ್ಕಾಪಾಲಾಗಿ ಬಯಲಿಗೆ ಬಿತ್ತು. ಬಯಲಿನ ತುಂಬ ಓಡುವ ಕಾಲುಗಳು. ಕದಲಿದ್ದೆಲ್ಲ ಶತ್ರು! ಮೊಲಗಳಿಗೆ ಕಚ್ಚಿದವು, ಇಲಿಗಳಿಗೆ ಕಚ್ಚಿದವು, ಯಜಮಾನನ ಮೂಗಿಗೇ ಕಚ್ಚಿದವು. ಊರ ಕಡೆ ಓಡೋಣವೆಂದರೆ ಬೂರುಗದ ಮರದ ಜೇನುಗಳೂ ಕೆರಳಿ ಎದುರು ಬಂದವು. ಉಳಿದ ಕಡೆಯೆಲ್ಲ ಇವರೇ ಕಟ್ಟಿದ ಬೇಲಿ. ಕರಡಿ ದಪ್ಪ ಕೂದಲಿನ ಮೈ ಕೊಡವಿಕೊಂಡು, ತುಪ್ಪ ತುಂಬಿದ ಜೇನೆರಿಯನ್ನು ಬಾಯಲ್ಲಿ ಕಚ್ಚಿಕೊಂಡು ಆರಾಮವಾಗಿ ಗುಡ್ಡ ಹತ್ತಿತು.

ಸದ್ದಿಗೆ ಎದ್ದ ಸೂಜವ್ವ ಪಟ್ಟಿಯ ನಡುವೆ ಬಂದು ನಿಂತಳು. ಜೇನು ಅವಳ ಮೂಗಿಗೂ ಕಚ್ಚಿತು, ಕಣ್ಣಿನ ಅಂಚಿಗೂ ಕಚ್ಚಿತು. ಅವಳು ಕದಲಲಿಲ್ಲ.

"ಚಿಗುರೀ! ಈ ಕಡೆ! ಮಕ್ಕಳನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬಾ! ಎಲ್ಲರೂ ಈ ಕಡೆ ಬನ್ನಿ, ಮೆಳೆಯೊಳಗೆ ನುಗ್ಗಿ!"

ಚಿಗುರಿ ಬಂದಳು. ದೊಡ್ಡ ಮರಿ ಅಮ್ಮನ ಹೊಟ್ಟೆಯಡಿ ಇತ್ತು. ಚಿಕ್ಕದು ಹಿಂದೆ ಉಳಿದು, ಬೇಲಿಗೆ ಸಿಕ್ಕಿ ಅಳುತ್ತಿತ್ತು. ಸೂಜವ್ವ ನುಗ್ಗಿ ಬೇಲಿ ಕಿತ್ತಳು, ಮರಿಯನ್ನು ಮುಂದಕ್ಕೆ ತಳ್ಳಿದಳು, ಅದರ ಮೇಲೆ ಮುಳ್ಳಿನ ಮರೆ ಹಿಡಿದೇ ಮೆಳೆ ಸೇರಿಸಿದಳು. ಆ ಪಟ್ಟಿಯೊಂದು ಖಾಲಿ ಇದ್ದದ್ದರಿಂದ ಉಳಿದವರೂ ಅಲ್ಲಿಂದಲೇ ನುಗ್ಗಿ ಜೀವ ಉಳಿಸಿಕೊಂಡರು.

ಮಾರನೆಯ ದಿನ ಎಲ್ಲರ ಮುಖವೂ ಕುಂಬಳಕಾಯಿ. ಚಿಕ್ಕ ಮರಿ ಅಜ್ಜಿಯ ಪಕ್ಕದಲ್ಲಿ ಮಲಗಿ ನರಳುತ್ತಿತ್ತು. ಉಸಿರೇನೋ ಸರಿಯಾಗಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ಬಿಲದ ಮುಂದೆ ಮಾತು ಕೇಳಿಸಿತು. ಸೂಜವ್ವ ಹೊರಗೆ ಬಂದು ನೋಡಿದಳು. ಖಾಲಿ ಪಟ್ಟಿಯ ನಡುವೆ ಕೆಂಚಯ್ಯ ಹೆಜ್ಜೆ ಹಾಕಿ ಅಳೆಯುತ್ತಿದ್ದ. ಪಕ್ಕದ ತುಂಬೆ ಪೊದೆಯ ಮೇಲೆ ಮೊನೆಯಮ್ಮ ತನ್ನ ಬಳಗದ ಜೊತೆ ಕೂತಿದ್ದಳು.

"ಬಾ ಸೂಜವ್ವ," ಎಂದ ಕೆಂಚಯ್ಯ, ಊದಿದ ಮೂಗಿನಿಂದ. "ನಿನ್ನೆ ನೀನು ಮಾಡಿದ್ದು ದೊಡ್ಡ ಉಪಕಾರ. ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ದಂಡು ಇನ್ನೂ ಹತ್ತಿರ ಬರಬೇಕು. ಈ ಪಟ್ಟಿಯಲ್ಲೇ ಒಂದು ಗೂಡು, ಅದರ ಪಕ್ಕ ನಮ್ಮ ಮನೆಗಳು. ಬೇಲಿ ಇನ್ನೂ ಎತ್ತರ ಕಟ್ಟುತ್ತೇವೆ."

"ಎಲ್ಲರ ಭದ್ರತೆಗಾಗಿ," ಎಂದಳು ಮೊನೆಯಮ್ಮ.

"ನಿಮಗೆ ನಾಚಿಕೆ ಅನ್ನುವುದು ಇದೆಯಾ?" ಎಂದಳು ಸೂಜವ್ವ. "ಬಯಲು ಕಾಯಬೇಕಾದವರು ಆ ಕಡೆಯಿಂದ ತಿಂದಿರಿ. ಊರು ಕಾಯಬೇಕಾದವರು ಈ ಕಡೆಯಿಂದ ತಿಂದಿರಿ. ನಿನ್ನೆ ನಿಮ್ಮ ಜೀವ ಉಳಿಸಿದ್ದು ನೀವು ತಿನ್ನದೆ ಬಿಟ್ಟ ತುಂಡು. ಈಗ ಅದನ್ನೂ ಕೇಳುತ್ತೀರಾ?"

"ಊರು, ದಂಡು ಎರಡೂ ಸೇರಿ ಕೇಳುತ್ತಿದ್ದೇವೆ. ಒಬ್ಬಳೇ ಏನು ಮಾಡುತ್ತೀಯ?" ಎಂದ ಕೆಂಚಯ್ಯ.

ಸೂಜವ್ವ ಪಟ್ಟಿಯ ಆಚೆ ತುದಿಗೆ ಹೋದಳು. ಅಲ್ಲಿ ಬಂಡೆಗೆ ಮುಖ ಮಾಡಿ ನಿಂತು ಇಬ್ಬರಿಗೂ ಬೆನ್ನು ತಿರುಗಿಸಿದಳು. ಮೈಯ ಮುಳ್ಳೆಲ್ಲ ಒಮ್ಮೆಲೇ ನೆಟ್ಟಗೆ ಎದ್ದು ನಿಂತವು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ತುಂಬೆ ಪೊದೆ ಮುರಿದು ಬಿತ್ತು, ಮೊನೆಯಮ್ಮನ ಬಳಗ ಎದ್ದು ಬಂಡೆಯ ಕಡೆ ಹಾರಿತು. ಇನ್ನೊಂದು ಹೆಜ್ಜೆ ಇಟ್ಟಳು. ಕೆಂಚಯ್ಯ "ಏಯ್, ಏಯ್!" ಎನ್ನುತ್ತಾ ಹಿಂದೆ ಸರಿದ. ಅವಳು ತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ. ಅವನು ಸರಿದಷ್ಟೂ ಹಿಂದಕ್ಕೆ ನಡೆದಳು. ಅವನು ಗಡಿಕಲ್ಲನ್ನು ಎಡವಿ ಈಚೆ, ಊರಿನ ಕಡೆಗೆ ಬಿದ್ದ ಮೇಲೆ, ಆ ಹಳೆಯ ಕಲ್ಲಿಗೆ ಮುಳ್ಳು ತಾಗುವಂತೆ ಅಲ್ಲೇ ಕೂತಳು.

ನೀತಿ: ಕಾಯುವವರಿಗೂ ಊರಿಗೂ ನಡುವೆ ಹಿರಿಯರು ಇಟ್ಟ ಅಂತರ ಇಬ್ಬರ ಜೀವವನ್ನೂ ಉಳಿಸುತ್ತದೆ, ಇಬ್ಬರೂ ಒಟ್ಟಾಗಿ ಬಂದು ಕೇಳಿದರೂ ಅದನ್ನು ಬಿಟ್ಟುಕೊಡಬಾರದು.