ಕುರಿನಾಯಿ ಹಿಮ್ಮಡಿಗೆ ಮೂತಿ ತಾಗಿಸುವುದು ಏಕೆ

ಲೋಕ ಆಗಷ್ಟೇ ಹುಟ್ಟಿತ್ತು. ನೆಲ ಇನ್ನೂ ಸರಿಯಾಗಿ ಒಣಗಿರಲಿಲ್ಲ, ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಗುಂಪಾಗಿ ನಡೆಯುವುದು ಕುರಿಗಳಿಗೆ ಗೊತ್ತೇ ಇರಲಿಲ್ಲ. ಒಂದು ಮೂಡಣಕ್ಕೆ ಹೋದರೆ ಇನ್ನೊಂದು ಪಡುವಣಕ್ಕೆ. ಮತ್ತೊಂದು ಎಲ್ಲಿಗೂ ಹೋಗದೆ ಬಂಡೆಯ ಮೇಲೆ ನಿಂತು ಅರಚುತ್ತಿತ್ತು.

ಇಂಥ ಕುರಿಗಳನ್ನು ಕಾಯುವುದು ಜಕ್ಕವ್ವನ ಪಾಲಿಗೆ ಬಂದಿತ್ತು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ದಿನವಿಡೀ ಓಡಿ ಓಡಿ ಅವಳಿಗೆ ಸಾಕಾಗಿ ಹೋಗಿತ್ತು.

ಕುರಿಗಳನ್ನು ಕೂಡಿಸಿಕೊಡು ಎಂದು ಅವಳು ಗಾಳಿಯನ್ನು ಕೇಳಿಕೊಂಡಳು. ಗಾಳಿ ಬೀಸಿತು. ಕುರಿ ಕೂಡಲಿಲ್ಲ, ಅವಳ ಕಂಬಳಿಯೂ ಹಾರಿಹೋಯಿತು. ಹಳ್ಳವನ್ನು ಕೇಳಿಕೊಂಡಳು. ಕೂಡಿಸುವುದೇನೋ ಕೂಡಿಸುತ್ತೇನೆ, ಆದರೆ ಕೂಡಿಸಿದ್ದನ್ನೆಲ್ಲ ಸಮುದ್ರಕ್ಕೆ ಒಯ್ಯುತ್ತೇನೆ ಅಂದಿತು ಹಳ್ಳ. ನಿನ್ನ ಉಪಕಾರವೇ ಬೇಡ ಎಂದು ಜಕ್ಕವ್ವ ಬೈದು ಬಂದಳು.

ಆಗ ತೋಳಗಳ ಬಳಗದಿಂದ ಒಂದು ಹೆಣ್ಣುಮರಿ ಬಂತು. ಬೇಟೆಗೆ ಕರೆದೊಯ್ದರೆ ಅದು ಜಿಂಕೆಗಳನ್ನು ಸುತ್ತುಗಟ್ಟಿ ತರುತ್ತಿತ್ತು, ಒಂದನ್ನೂ ಕೊಲ್ಲುತ್ತಿರಲಿಲ್ಲ. ತೋಳಗಳು ಬೇಸತ್ತು ಅಟ್ಟಿದ್ದವು. ಜಕ್ಕವ್ವ ರೊಟ್ಟಿ ಹಾಕಿ, ಅದರ ಮೈಬಣ್ಣ ನೋಡಿ ಬೂದಿ ಎಂದು ಕರೆದಳು.

ಬೂದಿ ಒಂದು ಸುತ್ತು ಹಾಕಿತು, ಕುರಿಗಳು ತಲೆ ಎತ್ತಿದವು. ಇನ್ನೊಂದು ಸುತ್ತು ಹಾಕಿತು, ಕುರಿಗಳು ಒತ್ತಾಗಿ ನಿಂತವು. ಅವತ್ತು ಜಕ್ಕವ್ವ ಕೂತು ಉಂಡಳು.

ಆದರೆ ಕುರಿಗಳು ಹಟ್ಟಿ ಸೇರಿದ ಮೇಲೂ ಬೂದಿ ಸುತ್ತುತ್ತಲೇ ಇತ್ತು. ಕೋಳಿಗಳನ್ನು ಕೂಡಿಹಾಕಿತು. ನೀರಿಗೆ ಹೊರಟವರನ್ನು ಬರಿಗೊಡದೊಂದಿಗೆ ಮನೆಗೆ ತಿರುಗಿಸಿತು. ಪೊದೆಯ ಮರೆಗೆ ಹೋದ ಜಕ್ಕವ್ವನ ಅತ್ತೆಯನ್ನೂ ಬಿಡದೆ ಕರೆತಂದಿತು. ಕಟ್ಟಿಹಾಕಿದರೆ ಹಗ್ಗ ಕಡಿಯಿತು, ಹಗ್ಗ ಮುಗಿದ ಮೇಲೆ ಕಂಬಳಿ ಕಡಿಯಿತು. ಗದರಿದರೆ ಮುಖ ತಿರುಗಿಸಿ ಕೂತು, ರೊಟ್ಟಿ ಮುಟ್ಟುತ್ತಿರಲಿಲ್ಲ.

ಸಂಜೆಯಾದರೆ ಜಕ್ಕವ್ವನೇ ಅದರ ಅಂಗಾಲಿನ ಮುಳ್ಳು ಕೀಳಬೇಕು, ರೋಮಕ್ಕೆ ಅಂಟಿದ ಹುಲ್ಲುಮುಳ್ಳು ಬಿಡಿಸಬೇಕು. ಕೀಳುತ್ತ ಕೀಳುತ್ತ ದಿನವೂ ಅದೇ ಮಾತು: "ಒಂದ್ ಗಳಿಗಿ ಸುಮ್ನ ಕೂಡ್ರಾಕ ಏನಾಗತದ ನಿನಗ?"

ಕೂಸು ಅಂಬೆಗಾಲಿಡಲು ಕಲಿಯಿತು. ಅದು ಹೊಸ್ತಿಲು ದಾಟಿದಾಗಲೆಲ್ಲ ಬೂದಿ ಮೂತಿಯಿಂದ ಒಳಗೆ ತಳ್ಳಿತು. ಕೂಸು ಹೊರಗೆ ಬರುವುದು, ಬೂದಿ ಒಳಗೆ ತಳ್ಳುವುದು. ಕೂಸು ಹೊರಗೆ ಬರುವುದು, ಬೂದಿ ಒಳಗೆ ತಳ್ಳುವುದು. ಅಳು ಕೇಳಿ ಕೇಳಿ ತಲೆ ಕೆಟ್ಟ ಜಕ್ಕವ್ವ ಕೋಲು ತಗೊಂಡು ಬೂದಿಯನ್ನು ಗುಡ್ಡದಾಚೆಗೆ ಓಡಿಸಿಬಿಟ್ಟಳು. ಬೂದಿ ಒಮ್ಮೆ ಹಿಂತಿರುಗಿ ನೋಡಿತು, ಹೋಯಿತು.

ಮಾರನೆಯ ದಿನ ಮಧ್ಯಾಹ್ನ ಗುಡುಗಿತು. ಬೆದರಿದ ಕುರಿಗಳು ಬೇಸಿಗೆಗೆ ಒಣಗಿದ್ದ ಹಳ್ಳಕ್ಕೆ ಇಳಿದು ದಿಕ್ಕಾಪಾಲಾದವು. ಕೂಸನ್ನು ಅತ್ತೆಯ ಕೈಗೆ ಕೊಟ್ಟು ಜಕ್ಕವ್ವ ಹಿಂದೆಯೇ ಇಳಿದಳು. ಮೇಲಿನ ಸೀಮೆಯಲ್ಲಿ ಮಳೆ ಹೊಯ್ದಿತ್ತು. ಬರುತ್ತಿದ್ದೇನೆ, ನಿಲ್ಲಲು ನನ್ನಿಂದ ಆಗದು ಎಂದು ಹಳ್ಳ ದೂರದಿಂದಲೇ ಕೂಗಿತು.

ಅಷ್ಟರಲ್ಲಿ ಆಚೆ ದಡದಿಂದ ಬೂದಿ ಇಳಿಯಿತು. ಯಾರೂ ಅದನ್ನು ಕರೆದಿರಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಕುರಿಗಳು ಕೂಡಿ ದಡ ಹತ್ತತೊಡಗಿದವು. ಒಂದು ಮುದಿ ಕುರಿ ಮಾತ್ರ ಕಲ್ಲಿನಂತೆ ನಿಂತಿತು. ಬೂದಿ ತೋಳದ ಹಲ್ಲು ತೆರೆಯಿತು. ಕೊಂದೇಬಿಡುತ್ತದೆ ಎಂದುಕೊಂಡಳು ಜಕ್ಕವ್ವ. ಹಲ್ಲು ಕುರಿಯ ಹಿಂಗಾಲಿನ ರೋಮವನ್ನಷ್ಟೇ ಚಿವುಟಿ ಬಿಟ್ಟಿತು. ಮುದಿ ಕುರಿ ಒಂದೇ ನೆಗೆತಕ್ಕೆ ದಡದ ಮೇಲಿತ್ತು.

ಎಲ್ಲವೂ ಬಂದದ್ದು ಜಕ್ಕವ್ವನಿಗೆ ತಿಳಿಯಲಿಲ್ಲ. ಒಂದು ಮರಿ ಉಳಿದಿದೆಯೆಂದು ಹಳ್ಳದಲ್ಲೇ ಹುಡುಕುತ್ತಿದ್ದಳು. ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. "ಬಿಡs, ನನಗ ಕೆಲಸ ಅದ" ಅಂದಳು. ಮತ್ತೆ ತಾಗಿತು. ಅವಳು ಅಲುಗಲಿಲ್ಲ. ಆಗ ಬೂದಿ ಹಿಮ್ಮಡಿಯನ್ನು ಚಿವುಟಿಯೇ ಬಿಟ್ಟಿತು. ಜಕ್ಕವ್ವ ಬೈಯುತ್ತ ಬೈಯುತ್ತ ದಡ ಹತ್ತಿದಳು. ಅವಳು ನಿಂತಿದ್ದ ಜಾಗವನ್ನು ಕೆಂಪು ನೀರು ಮುಚ್ಚಿತು.

ಅವಳು ಕುರಿಗಳ ನಡುವೆ ಕುಸಿದು ಕೂತಳು. ಮರಿ ತಾಯಿಯ ಹೊಟ್ಟೆಯಡಿ ಹಾಲು ಕುಡಿಯುತ್ತಿತ್ತು. ಬೂದಿ ಆಗಲೇ ಎಲ್ಲರ ಸುತ್ತ ಇನ್ನೊಂದು ಸುತ್ತು ಹೊರಟಿತ್ತು.

"ಸುತ್ತು, ನಿನ್ನ ಹಣೆಬರಾನs ಇಷ್ಟು," ಅಂದಳು ಜಕ್ಕವ್ವ. "ಆದ್ರ ಮೊದಲು ಮೂತಿ. ಕೇಳದಿದ್ರಷ್ಟs ಹಲ್ಲು."

ಬೂದಿ ಅದನ್ನು ತನ್ನ ಮರಿಗಳಿಗೆ ಹೇಳಿತು, ಅವು ತಮ್ಮ ಮರಿಗಳಿಗೆ ಹೇಳಿದವು. ಇಂದಿನ ಕುರಿನಾಯಿಗಳೆಲ್ಲ ಅದರ ಸಂತಾನವೇ. ಅದಕ್ಕೇ ಇಂದಿಗೂ ಕುರಿಮಂದೆ ರಸ್ತೆ ದಾಟುವಾಗ ನೀವು ಪಕ್ಕದಲ್ಲಿ ಒಂಟಿಯಾಗಿ ನಿಂತಿದ್ದರೆ, ಕುರಿನಾಯಿ ಹಿಂದಿನಿಂದ ಬಂದು ನಿಮ್ಮ ಹಿಮ್ಮಡಿಗೆ ಮೆಲ್ಲಗೆ ಮೂತಿ ತಾಗಿಸುತ್ತದೆ.