ಬೈಸಿಕೊಂಡ ಡ್ರಿಪ್ ಸ್ಟ್ಯಾಂಡು

ಆಪರೇಷನ್ ಆದ ಮೇಲೆ ದ್ಯಾಮವ್ವನ ಹೊಟ್ಟೆಯಲ್ಲಿ ಸಣ್ಣ ಕರುಳು ಎರಡೇ ಮೊಳ ಉಳಿದಿತ್ತು. ಅವಳ ಊಟವೆಲ್ಲ ಪಕ್ಕದ ಡ್ರಿಪ್ ಸ್ಟ್ಯಾಂಡಿನಿಂದ ನೇರ ರಕ್ತಕ್ಕೇ ಇಳಿಯುತ್ತಿತ್ತು.

"ನನ್ನ ಕೆಲಸ ಕಿತ್ತುಕೊಳ್ಳಲು ಬಂದೆಯಾ? ತೊಲಗು!" ಎಂದು ಕರುಳು ಗದರಿತು. ಸ್ಟ್ಯಾಂಡು ತನ್ನ ಪಾಡಿಗೆ ಹನಿ ಇಳಿಸುತ್ತಲೇ ಇತ್ತು.

ನೋಡಲು ಬಂದ ನಾದಿನಿ ಪ್ರೀತಿಯಿಂದ ಎಳನೀರು ಕುಡಿಸಿದಳು. ಕರುಳು ಜಂಬದಿಂದ ಬರಮಾಡಿಕೊಂಡಿತು, ಆದರೆ ಹಿಡಿದಿಡಲಾಗಲಿಲ್ಲ. ಭೇದಿಯಾಗಿ ದ್ಯಾಮವ್ವ ಕುಸಿದಳು. ಸ್ಟ್ಯಾಂಡೇ ಹನಿಹನಿಯಾಗಿ ಅವಳ ಜೀವ ಉಳಿಸಿತು.

"ಇನ್ನು ನೀನೇ ಯಜಮಾನ," ಎಂದಿತು ಕರುಳು.

"ಅಲ್ಲ, ನಾನು ನೆಂಟ. ನೀನು ಚಮಚ ಚಮಚವಾಗಿ ಅರಗಿಸಲು ಕಲಿ. ಅಲ್ಲಿಯವರೆಗೆ ನಿಂತಿರುತ್ತೇನೆ."

ತಿಂಗಳುಗಳು ಕಳೆದ ಮೇಲೆ ಉಪ್ಪು ಹಾಕಿದ ಗಂಜಿ ಕರುಳಿಗೆ ದಕ್ಕಿತು. ನರ್ಸ್ ಸ್ಟ್ಯಾಂಡನ್ನು ತಳ್ಳಿಕೊಂಡು ಹೊರಟಳು.

"ಎಲ್ಲಿಗೆ?" ಕರುಳು ಕೂಗಿ ಕೇಳಿತು.

"ಪಕ್ಕದ ಮಂಚಕ್ಕೆ," ಸ್ಟ್ಯಾಂಡು ನಿರಾಳವಾಗಿ ನಕ್ಕಿತು. "ಅಲ್ಲೊಂದು ಕರುಳು ನನ್ನನ್ನು ಬೈಯಲು ಕಾಯುತ್ತಿದೆ."